ಕಂಚಿನ ಕ್ಲೇ: ಒಂದೇ ಪುಟದಲ್ಲಿ (ಫೈರಿಂಗ್‌ನಲ್ಲಿ) ಹಿಂದಿನದಕ್ಕೆ ಗುಳ್ಳೆ, ಮುಂದಿನದು ಹಸಿ. ಯಾವ ಕ್ರಮ ಹಿಡಿಯಲಿ?

ತಿದಿ_ಇಲ್ಲದವಳು:

ಎಲ್ಲರಿಗೂ ನಮಸ್ಕಾರ. ರೆಡಿ ಕಂಚಿನ ಮೆಟಲ್ ಕ್ಲೇಯಲ್ಲಿ (ಲೋಹದ ಪುಡಿಗೆ ಅಂಟು, ಅಂದರೆ ಬೈಂಡರ್, ಬೆರೆಸಿದ ಮಣ್ಣಿನಂಥ ಮುದ್ದೆ; ಸುಟ್ಟರೆ ಲೋಹವಾಗುತ್ತದೆ) ಓಲೆ, ಪೆಂಡೆಂಟ್, ಉಂಗುರ ಮಾಡುತ್ತಿದ್ದೇನೆ. ಪ್ಯಾಕೆಟ್ ಮೇಲೆ 89 ಭಾಗ ತಾಮ್ರ, 11 ಭಾಗ ತವರ ಎಂದಿದೆ. ಮೂರು ಥರ ಫೈರಿಂಗ್ ಮಾಡಿ ನೋಡಿದೆ, ಮೂರರಲ್ಲೂ ಬೇರೆ ಬೇರೆ ತೊಂದರೆ.

ಫರ್ನೇಸ್: ಲ್ಯಾಬ್‌ಗಳಲ್ಲಿ ಇರುವಂಥ ಮಫಲ್ ಫರ್ನೇಸ್. ಮುಂದೆ ಬಾಗಿಲು. ಒಳಗೆ 6 ಇಂಚು ಅಗಲ, 6 ಇಂಚು ಎತ್ತರ, 12 ಇಂಚು ಆಳ. 3 ಕಿಲೋವ್ಯಾಟ್. ಕೆ-ಟೈಪ್ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಹಿಂಗೋಡೆಯಿಂದ ಒಳಗೆ ಬರುತ್ತದೆ. ರ್‍ಯಾಂಪ್-ಸೋಕ್ (ನಿಗದಿ ವೇಗದಲ್ಲಿ ಏರಿಸಿ, ಆ ಶಾಖದಲ್ಲಿ ಇಷ್ಟು ಹೊತ್ತು ನಿಲ್ಲಿಸುವ ಸೌಲಭ್ಯ) ಇರುವ ಪಿಐಡಿ (ಶಾಖ ನಿಯಂತ್ರಿಸುವ) ಕಂಟ್ರೋಲರ್.

ಡಬ್ಬಿ: ಅಡುಗೆಮನೆಯ ಉದ್ದ ಸ್ಟೀಲ್ ಡಬ್ಬಿ, ಮುಚ್ಚಳ ಬಿಗಿ. ಒಡವೆಗೆ ಗಾಳಿ ತಾಗದಂತೆ ಹೂಳುವ ಕಾರ್ಬನ್ ಕಾಳು ತೆಂಗಿನ ಕರಟದ್ದು, ವಾಟರ್ ಫಿಲ್ಟರ್‌ಗೆ ಹಾಕುವಂಥದ್ದು.

ಮೊದಲನೇ ಸಲ: ಗಂಟೆಗೆ 140 ಡಿಗ್ರಿಯಂತೆ ಏರಿಸಿ, 843ರಲ್ಲಿ 3 ಗಂಟೆ. ಮೊದಲಿನಿಂದ ಕೊನೆಯವರೆಗೂ ಕಾರ್ಬನ್ ಒಳಗೇ, ಮುಚ್ಚಳ ಹಾಕಿ. ಹಿಂದೆ ಇಟ್ಟ ಎರಡು ಓಲೆಗಳ ಮೇಲೆ ಗುಳ್ಳೆ ಎದ್ದಿತು. ಬಾಗಿಲ ಕಡೆ ಇಟ್ಟದ್ದು ಕೈಯಲ್ಲೇ ಮುರಿಯಿತು.

ಎರಡನೇ ಸಲ: 350ರಲ್ಲಿ ಕಾರ್ಬನ್ ಇಲ್ಲದೆ 30 ನಿಮಿಷ. ತಣಿದ ಮೇಲೆ ಕಾರ್ಬನ್‌ನಲ್ಲಿ ಹೂತು, ಫುಲ್ ಸ್ಪೀಡಿನಲ್ಲಿ 820ಕ್ಕೆ ಏರಿಸಿ 2 ಗಂಟೆ. 1 ಮಿ.ಮೀ. ಓಲೆ ಗಟ್ಟಿ ಬಂತು. 4 ಮಿ.ಮೀ. ಪೆಂಡೆಂಟ್ ಬಿಸ್ಕತ್ತಿನ ಹಾಗೆ ಎರಡು ತುಂಡಾಯಿತು, ನಡುವೆ ಕಪ್ಪು.

ಮೂರನೇ ಸಲ: ಮೊದಲ ಪುಟವನ್ನು 540ಕ್ಕೆ ಏರಿಸಿದೆ, ಎರಡನೆಯದು ಹಾಗೇ. ಪೆಂಡೆಂಟಿನ ಮೇಲ್ಪದರ ಕಪ್ಪಾಗಿ, ಕೆಳಗೆ ಕೆಂಪಾಗಿ, ಸಿಪ್ಪೆಯಂತೆ ಏಳುತ್ತಿದೆ.

ಜೊತೆಗೆ ಉಂಗುರಗಳು ಮೂರು ಸಲವೂ ಬಿರುಕು ಬಿಟ್ಟಿವೆ. ಯಾವ ಕ್ರಮವನ್ನು ಮುಂದುವರಿಸಲಿ?

ಮೂಸೆ_ಮಾತು:

ಮುರಿದ ತುಂಡು ಎಸೆದಿಲ್ಲ ತಾನೆ? ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಕೆಂಪು ಬಂಗಾರದ ಬಣ್ಣದಲ್ಲಿ ಸಣ್ಣ ಕಣಗಳು ಹೊಳೆದರೆ ಬೆಂದಿದೆ. ಇಟ್ಟಿಗೆ ಪುಡಿಯಂತೆ ಮಂಕು ಕಂದು ಇದ್ದರೆ ಶಾಖ ಸಾಲಲಿಲ್ಲ. ಹೊರಗೆ ಲೋಹ, ನಡುವೆ ಮಾತ್ರ ಕಪ್ಪು ಎಂದರೆ ಬೈಂಡರ್ ಪೂರ್ತಿ ಸುಟ್ಟಿಲ್ಲ. ಪದರ ಪದರವಾಗಿ ಕಪ್ಪು, ಅದರಡಿ ಕೆಂಪು ಎಂದರೆ ಆಕ್ಸೈಡ್. ಕೊನೆಯ ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ "ಇನ್ನೂ 10 ಡಿಗ್ರಿ ಏರಿಸು" ಅನ್ನುವುದು ತಪ್ಪು.

ನಿಮ್ಮ ಮೊದಲ ಸಲದ ಫಲಿತಾಂಶವೇ ನನಗೆ ಮುಖ್ಯ. ಒಂದೇ ಡಬ್ಬಿಯಲ್ಲಿ ಹಿಂದಿನದು ಕರಗುತ್ತಾ ಬಂದಿದೆ, ಮುಂದಿನದು ಹಸಿ ಉಳಿದಿದೆ. ಇದು ಕ್ರಮದ ದೋಷ ಅಲ್ಲ. ಫರ್ನೇಸ್ ಒಳಗೆ ಹಿಂದಕ್ಕೂ ಮುಂದಕ್ಕೂ ಇರುವ ಶಾಖದ ವ್ಯತ್ಯಾಸ. ಅದನ್ನು ಅಳೆಯದೆ ಯಾವ ಕ್ರಮ ಹಿಡಿದರೂ ಫಲ ಅದೃಷ್ಟದ ಮೇಲೆ.

ಡಿಸ್‌ಪ್ಲೇಯಲ್ಲಿ ಕಾಣುವುದು ಹಿಂಗೋಡೆಯ ಹತ್ತಿರದ ಗಾಳಿಯ ಶಾಖ. ಒಡವೆ ಇರುವುದು ಕಾರ್ಬನ್ ನಡುವೆ, ಕಾರ್ಬನ್ ಕಾಳು ಒಳ್ಳೆ ಶಾಖನಿರೋಧಕ. ಫುಲ್ ಸ್ಪೀಡಿನಲ್ಲಿ ಏರಿಸಿದರೆ ಡಿಸ್‌ಪ್ಲೇ 820 ತೋರಿಸುವ ಹೊತ್ತಿಗೆ ಡಬ್ಬಿಯ ನಡುವೆ 700 ಚಿಲ್ಲರೆ ಇರುವುದು ಮಾಮೂಲು. ಆ ಅಂತರ ಮುಚ್ಚಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಅಂದರೆ ನಿಮ್ಮ 2 ಗಂಟೆ ಸೋಕ್‌ನಲ್ಲಿ ಪೆಂಡೆಂಟಿಗೆ ಸಿಕ್ಕಿದ್ದು ಬಹುಶಃ ಒಂದೇ ಗಂಟೆ.

3 ಮಿ.ಮೀ. ದಪ್ಪದ, ತುದಿ ಮುಚ್ಚಿದ, ಎಸ್‌ಎಸ್ 310 (ಸ್ಟೇನ್‌ಲೆಸ್ ಸ್ಟೀಲ್) ಅಥವಾ ಇಂಕೊನೆಲ್ (ನಿಕ್ಕಲ್ ಮಿಶ್ರಲೋಹ) ಕವಚದ ಇನ್ನೊಂದು ಕೆ-ಟೈಪ್ ತನ್ನಿ. ಮುಚ್ಚಳಕ್ಕೆ ಒಂದು ತೂತು ಮಾಡಿ, ಒಡವೆ ಇಡುವ ಎತ್ತರಕ್ಕೇ ತುದಿ ಬರುವಂತೆ ಇಳಿಸಿ, ಬೇರೆ ಮೀಟರಿಗೆ ಜೋಡಿಸಿ. ಬರಿ ತಂತಿಯ ಥರ್ಮೋಕಪಲ್ ಕಾರ್ಬನ್‌ನಲ್ಲಿ ಹೂಳಬೇಡಿ. ಆಮ್ಲಜನಕ ಕಡಿಮೆ ಇರುವ ಕಡೆ ಈ ಶಾಖಕ್ಕೆ ಕೆ-ಟೈಪಿನ ಕ್ರೋಮೆಲ್ ತಂತಿ ಹಸಿರು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ, ಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸಲು ಶುರು ಮಾಡುತ್ತದೆ. ಕಡಿಮೆ ತೋರಿಸಿತೆಂದು ನೀವು ಏರಿಸುತ್ತೀರಿ, ಒಡವೆ ಕರಗುತ್ತದೆ.

ಖರ್ಚಿಲ್ಲದ ದಾರಿಯೂ ಇದೆ. ಅಡುಗೆ ಉಪ್ಪು 801 ಡಿಗ್ರಿಗೆ ಕರಗುತ್ತದೆ. ಕಡಲೆಬೇಳೆಯಷ್ಟು ಉಪ್ಪನ್ನು ಸಣ್ಣ ಮೂಸೆಯಲ್ಲಿಟ್ಟು ನೋಡಬಹುದು.

ತವರ_232:

ಉಪ್ಪು ಬೇಡ ಸರ್. ಅದರ ಆವಿ ಹೀಟಿಂಗ್ ಕಾಯಿಲನ್ನು ತಿನ್ನುತ್ತದೆ. ಅಕ್ಕಸಾಲಿಗಳ ಹತ್ತಿರ 72 ಭಾಗ ಬೆಳ್ಳಿ, 28 ಭಾಗ ತಾಮ್ರ ಕರಗಿಸಿಕೊಡಿ ಎಂದರೆ ಮಾಡಿಕೊಡುತ್ತಾರೆ. ಈ ಮಿಶ್ರಣ ಒಂದೇ ಬಿಂದುವಿನಲ್ಲಿ, 780ಕ್ಕೆ, ಪೂರ್ತಿ ಕರಗುತ್ತದೆ. ತಟ್ಟಿ ತೆಳು ಮಾಡಿ 0.1 ಗ್ರಾಂ ಚೂರುಗಳಾಗಿ ಕತ್ತರಿಸಿ. ಒಂದೊಂದನ್ನು ಒಂದೊಂದು ಸಣ್ಣ ಪಿಂಗಾಣಿ ಬಟ್ಟಲಲ್ಲಿ ಹಾಕಿ ಡಬ್ಬಿಯ ಮುಂದೆ, ನಡುವೆ, ಹಿಂದೆ, ಎಡ, ಬಲ ಹೂಳಿ. ಡಿಸ್‌ಪ್ಲೇ 780ರಲ್ಲಿ 1 ಗಂಟೆ ನಿಲ್ಲಿಸಿ, ತಣಿಸಿ, ತೆಗೆದು ನೋಡಿ. ಚೂರು ಗುಂಡಾಗಿದ್ದರೆ ಅಲ್ಲಿಗೆ 780 ಮುಟ್ಟಿದೆ. ಚಪ್ಪಟೆಯಾಗೇ ಇದ್ದರೆ ಮುಟ್ಟಿಲ್ಲ. 10 ಡಿಗ್ರಿ ಏರಿಸಿ ಮತ್ತೆ. ಮೂರು ನಾಲ್ಕು ಸಲಕ್ಕೆ ಫರ್ನೇಸಿನ ನಕ್ಷೆಯೇ ಸಿಗುತ್ತದೆ. ಚೂರು ಕಂಚಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಎರಡೂ ಸೇರಿ ಹಾಳು.

ಈಗ 843 ಏಕೆ ಅಪಾಯ ಅಂತ. 11 ಭಾಗ ತವರ ಇರುವ ಕಂಚು 1000 ಡಿಗ್ರಿ ಹತ್ತಿರ ಪೂರ್ತಿ ನೀರಾಗುತ್ತದೆ, ಆದರೆ ಒಳಗೆ ದ್ರವ ಶುರುವಾಗುವುದು 830-850ರ ಆಸುಪಾಸಿನಲ್ಲೇ. ಅದೂ ತವರ ಎಲ್ಲ ಕಡೆ ಸಮನಾಗಿ ಬೆರೆತಿದ್ದರೆ. ಕೆಲವು ಕ್ಲೇಗಳಲ್ಲಿ ಇರುವುದು ಕಂಚಿನ ಪುಡಿಯೇ ಅಲ್ಲ, ತಾಮ್ರದ ಪುಡಿ ಬೇರೆ, ತವರದ ಪುಡಿ ಬೇರೆ. ಅವು ಕಂಚಾಗುವುದು ಫರ್ನೇಸ್ ಒಳಗೆ. ತವರ 232ಕ್ಕೇ ಕರಗಿ ಪಕ್ಕದ ತಾಮ್ರಕ್ಕೆ ಹೀರಿಕೊಳ್ಳುತ್ತದೆ, ಇದ್ದ ಜಾಗದಲ್ಲಿ ತೂತು ಉಳಿಯುತ್ತದೆ. ವಸ್ತು ಕುಗ್ಗುವ ಬದಲು ಮೊದಲು ಸ್ವಲ್ಪ ಉಬ್ಬುವುದೂ ಇದರಿಂದಲೇ. ಬೇಗ ಏರಿಸಿದರೆ ತವರ ಹರಡಲು ಸಮಯ ಸಿಗದೆ ಅಲ್ಲಲ್ಲಿ ದಟ್ಟವಾಗಿ ನಿಲ್ಲುತ್ತದೆ. ಅಂಥ ಕಡೆ 798ಕ್ಕೇ ದ್ರವ ಹುಟ್ಟಿಕೊಳ್ಳುತ್ತದೆ.

ಹಳೆಯ ಕ್ಲೇಗಳಿಗೆ ಗಂಟೆಗೆ 140 ಡಿಗ್ರಿಯ ನಿಧಾನ ಏರಿಕೆ ಹೇಳುತ್ತಿದ್ದುದು, ನಂತರ ಬಂದ ಫಾಸ್ಟ್ ಕ್ಲೇಗಳಿಗೆ ಬೇಗ ಏರಿಸಿ ಎನ್ನುವುದು, ಎರಡೂ ತಮ್ಮ ತಮ್ಮ ಪುಡಿಗೆ ಸರಿ. ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಬಾರದು, ಅಷ್ಟೆ. ನಿಮ್ಮ 140 ಮತ್ತು 843 ಯಾವ ಪ್ಯಾಕೆಟ್ಟಿನದು, ಕೈಯಲ್ಲಿರುವ ಕ್ಲೇ ಯಾವುದು, ಒಮ್ಮೆ ಹೋಲಿಸಿ ನೋಡಿ.

ಕರಟದ_ಕೆಂಡ:

ಡಬ್ಬಿ ಬಗ್ಗೆ ಯಾರೂ ಹೇಳಲಿಲ್ಲ. ಬಿಗಿ ಮುಚ್ಚಳದ ಅಡುಗೆ ಡಬ್ಬಿ ಬೇಡವೇ ಬೇಡ. ಒಳಗಿನ ಗ್ಯಾಸ್ ಹೊರಗೆ ಹೋಗಲೇಬೇಕು, ಮುಚ್ಚಳ ಸುಮ್ಮನೆ ಮೇಲೆ ಕೂತಿರಬೇಕು. ಅರ್ಧ ಮಿ.ಮೀ. ತಗಡು ಎರಡು ಮೂರು ಪುಟಕ್ಕೆ ಸೊಟ್ಟಗಾಗಿ ಕರಿ ಹೊಪ್ಪಳೆ ಉದುರಿಸುತ್ತದೆ. ಆ ಹೊಪ್ಪಳೆ ಒಡವೆ ಮೇಲೆ ಬಿದ್ದರೆ ಅಲ್ಲೇ ಕಚ್ಚಿಕೊಂಡು ಕಲೆಯಾಗುತ್ತದೆ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 1.5 ಮಿ.ಮೀ. 304 ಸ್ಟೇನ್‌ಲೆಸ್ ಸ್ಟೀಲ್ ಶೀಟಿನಲ್ಲಿ ಟಿಗ್ ವೆಲ್ಡಿಂಗ್ ಮಾಡಿಸಿ. 310 ಸಿಕ್ಕರೆ ಇನ್ನೂ ಬಾಳಿಕೆ. ಗ್ಯಾಲ್ವನೈಸ್ಡ್ ತಗಡು ಮಾತ್ರ ಯಾವ ಕಾರಣಕ್ಕೂ ಬೇಡ, ಸತುವಿನ ಹೊಗೆ ಬರುತ್ತದೆ.

ನಿಮ್ಮ ಫರ್ನೇಸಿಗೆ 18 ಸೆಂ.ಮೀ. ಉದ್ದ, 11 ಅಗಲ, 9 ಎತ್ತರದ ಡಬ್ಬಿ ಸಾಕು. ಪೂರ್ತಿ ಆಳ ತುಂಬಬೇಡಿ. ಬಾಗಿಲಿನಿಂದ ಕನಿಷ್ಠ 6 ಸೆಂ.ಮೀ. ಒಳಗೆ ಇಟ್ಟು, ಬಾಗಿಲ ಹಿಂದೆ 25 ಮಿ.ಮೀ. ಇನ್ಸುಲೇಶನ್ ಇಟ್ಟಿಗೆಯ ಹಲಗೆ ಅಡ್ಡ ನಿಲ್ಲಿಸಿ. ಹಿಂದಿನ ಥರ್ಮೋಕಪಲ್ ತುದಿಗೆ ಡಬ್ಬಿ ತಾಗಬಾರದು. ಡಬ್ಬಿಯ ಕೆಳಗೆ ಮೂರು ಇಟ್ಟಿಗೆ ಚೂರು ಕೊಟ್ಟು 12-15 ಮಿ.ಮೀ. ಎತ್ತರಿಸಿ, ಇಲ್ಲದಿದ್ದರೆ ತಳ ತಣ್ಣಗಿರುತ್ತದೆ. ಇಷ್ಟು ಮಾಡಿದರೇ ಹಿಂದು-ಮುಂದಿನ ವ್ಯತ್ಯಾಸ ಬಹುಪಾಲು ಇಳಿಯುತ್ತದೆ.

ಕಾರ್ಬನ್: 12×40 ಮೆಶ್ (ಕಾಳಿನ ಜರಡಿ ಅಳತೆ), ಆ್ಯಸಿಡ್ ವಾಶ್ಡ್ (ಆಮ್ಲದಲ್ಲಿ ತೊಳೆದದ್ದು) ಎಂದು ಕೇಳಿ ತನ್ನಿ. ದಪ್ಪ ಕಾಳು ಮೆತ್ತನೆಯ ಒಡವೆಯಲ್ಲಿ ಕುಳಿ ಮಾಡುತ್ತದೆ. ಹಿಟ್ಟಿನಂತಿದ್ದರೆ ಒತ್ತಿಕೊಂಡು ಗ್ಯಾಸ್ ಓಡಾಡಲು ಬಿಡುವುದಿಲ್ಲ. ತಳಕ್ಕೆ 25 ಮಿ.ಮೀ., ಒಡವೆ ಒಡವೆ ನಡುವೆ 10, ಗೋಡೆಯಿಂದ 20, ಮೇಲೆ 25 ಮಿ.ಮೀ. ಡಬ್ಬಿಯನ್ನು ಕುಕ್ಕಬೇಡಿ, ಕೈಯಿಂದ ಒತ್ತಬೇಡಿ, ಸೌಟಿನಲ್ಲಿ ಮೆಲ್ಲಗೆ ಸುರಿಯಿರಿ. ಹೊಸ ಕಾರ್ಬನ್ ತೇವ ಎಳೆದುಕೊಂಡಿರುತ್ತದೆ. ಒಡವೆ ಇಲ್ಲದೆ ಒಮ್ಮೆ ಮುಚ್ಚಳ ಹಾಕಿ 800ಕ್ಕೆ ಕಾಯಿಸಿ ಬಳಸಿ. ಪ್ರತಿ ಪುಟದ ನಂತರ ಮೇಲೆ ಬೂದು ಬಣ್ಣಕ್ಕೆ ತಿರುಗಿದ್ದನ್ನು ಕೆರೆದು ತೆಗೆದು, ಅಷ್ಟೇ ಹೊಸದು ಸೇರಿಸಿ. ಮೇಲೆ ಬೂದಿ ಹೆಚ್ಚು ಬಂದರೆ ಮುಚ್ಚಳದ ಸಂದು ದೊಡ್ಡದಾಗಿದೆ ಎಂದು ಅರ್ಥ. ಕಾರ್ಬನ್ ಮೇಲೆ, ಮುಚ್ಚಳದ ಕೆಳಗೆ, ಸೆರಾಮಿಕ್ ಫೈಬರ್ ಹೊದಿಕೆಯ ಒಂದು ತುಂಡು ಹಾಸಿ.

ಮನೆಯ ಇದ್ದಿಲು ಕುಟ್ಟಿ ಹಾಕಬಹುದಾ ಅಂತ ಮುಂದೆ ಯಾರಾದರೂ ಕೇಳುತ್ತೀರಿ. ಬೇಡ. ಪೂರ್ತಿ ಸುಡದ ಇದ್ದಿಲಿನಲ್ಲಿ ಟಾರ್ ಇರುತ್ತದೆ, ಬೂದಿಯ ಕ್ಷಾರ ಒಡವೆಯ ಮೇಲ್ಮೈಗೆ ಅಂಟುತ್ತದೆ.

ಒಂದು ಎಚ್ಚರಿಕೆ. ಈ ಡಬ್ಬಿಯಿಂದ ಹೊರಬರುವುದು ಕಾರ್ಬನ್ ಮಾನಾಕ್ಸೈಡ್ (ಸಿಒ) ಎಂಬ ವಿಷಾನಿಲ. ವಾಸನೆ ಇಲ್ಲ, ಹೊಗೆ ಇಲ್ಲ. ಮಲಗುವ ಕೋಣೆಗೆ ತಾಗಿದ ಜಾಗದಲ್ಲಿ ರಾತ್ರಿ ಪುಟ ಇಡಬೇಡಿ. ಎಕ್ಸಾಸ್ಟ್ ಫ್ಯಾನ್, ತೆರೆದ ಕಿಟಕಿ, ಒಂದು ಸಿಒ ಅಲಾರಂ, ಮೂರೂ ಇರಲಿ. ಡಬ್ಬಿಯನ್ನು 60 ಡಿಗ್ರಿಗೆ ಇಳಿಯುವವರೆಗೂ ತೆರೆಯಬೇಡಿ. ಬಿಸಿ ಕಾರ್ಬನ್‌ಗೆ ಗಾಳಿ ತಾಗಿದ ಕೂಡಲೇ ಕೆಂಡವಾಗುತ್ತದೆ.

ಒಪ್ಪ_ಹಾಕೋರು:

ಮೊದಲ ಪುಟದ ಬಗ್ಗೆ. ಬೈಂಡರ್ ಸಾಮಾನ್ಯವಾಗಿ ಮೀಥೈಲ್ ಸೆಲ್ಯುಲೋಸ್. ಅದು ಸುಮಾರು 250ರಿಂದ 400ರ ನಡುವೆ ಒಡೆದು ಹೋಗುತ್ತದೆ. ಹಾಗಾಗಿ ನಿಮ್ಮ 350 ಸರಿಯಾಗಿತ್ತು ಮೇಡಂ, 30 ನಿಮಿಷ ಸಾಲಲಿಲ್ಲ. 1 ಮಿ.ಮೀ. ತಗಡಿಗೆ 30 ನಿಮಿಷ ಸಾಕು. 4 ಮಿ.ಮೀ.ಗೆ 90 ನಿಮಿಷ ಕೊಡಿ. ಗಾಳಿಕಂಡಿ ತೆರೆದಿರಲಿ, ಬೈಂಡರ್ ಸುಡಲು ಆಮ್ಲಜನಕ ಬೇಕು. ಅಲ್ಲಿವರೆಗೆ ಗಂಟೆಗೆ 150ರಂತೆ ಏರಿಸಿ.

540 ತಪ್ಪಾಗಿದ್ದು ಹೀಗೆ: ಆ ಶಾಖಕ್ಕೆ ತೆರೆದ ಗಾಳಿಯಲ್ಲಿ ತಾಮ್ರ ಭರದಿಂದ ಆಕ್ಸೈಡ್ ಆಗುತ್ತದೆ. ಹೊರಗೆ ಕಪ್ಪು, ಒಳಗೆ ಕೆಂಪು, ನೀವು ಕಂಡದ್ದೇ. ಎರಡನೇ ಪುಟದಲ್ಲಿ ಕಾರ್ಬನ್ ಈ ತಾಮ್ರದ ಆಕ್ಸೈಡನ್ನು ಮತ್ತೆ ತಾಮ್ರ ಮಾಡುತ್ತದೆ, ಆದರೆ ತವರದ ಆಕ್ಸೈಡ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಉಳಿದದ್ದು ಕಣಕಣಗಳ ನಡುವೆ ಗೋಡೆಯಂತೆ ನಿಂತು ಬೆಸೆಯಲು ಬಿಡುವುದಿಲ್ಲ. ಅದೇ ಸಿಪ್ಪೆ.

ಮೊದಲ ಪುಟ ಮುಗಿದ ಒಡವೆ ಸುಟ್ಟ ಹಪ್ಪಳದಷ್ಟು ನಾಜೂಕು. ಎತ್ತಿದರೆ ಮುರಿಯುತ್ತದೆ, ಬಿರುಕು ಕಣ್ಣಿಗೆ ಕಾಣುವುದಿಲ್ಲ, ಎರಡನೇ ಪುಟದ ನಂತರ ಬಾಯಿ ಬಿಡುತ್ತದೆ. ಆದ್ದರಿಂದ ಡಬ್ಬಿಯಲ್ಲಿ 25 ಮಿ.ಮೀ. ಕಾರ್ಬನ್ ಹಾಸಿ, ಅದರ ಮೇಲೇ ಒಡವೆ ಇಟ್ಟು, ಮುಚ್ಚಳ ಇಲ್ಲದೆ 350ರ ಪುಟ ಮುಗಿಸಿ. ತಣಿದ ಮೇಲೆ ಕದಲಿಸದೆ ಮೇಲಿನಿಂದ ಕಾರ್ಬನ್ ಸುರಿದು ಮುಚ್ಚಿ.

ಇನ್ನೊಂದು, 4 ಮಿ.ಮೀ. ಗಟ್ಟಿ ಪೆಂಡೆಂಟ್ ಏಕೆ? ಹಿಂಬದಿ ಕೊರೆದು ಗೋಡೆ 2 ಮಿ.ಮೀ. ಇಟ್ಟರೆ ಮುಂದಿನಿಂದ ಅಷ್ಟೇ ದಪ್ಪ ಕಾಣುತ್ತದೆ, ಕಿವಿಗೂ ಕೊರಳಿಗೂ ಭಾರ ಇಲ್ಲ, ಬೈಂಡರ್ ಅರ್ಧ ಹೊತ್ತಿಗೆ ಸುಡುತ್ತದೆ.

ತವರ_232:

@ಒಪ್ಪ_ಹಾಕೋರು, ದಪ್ಪ ವಸ್ತುವಿಗೆ ನಾನು ಇದನ್ನು ಒಪ್ಪುವುದಿಲ್ಲ. 4 ಮಿ.ಮೀ. ಮೀರಿದರೆ ಪೂರ್ತಿ ಕಾರ್ಬನ್‌ನಲ್ಲಿ ಹೂತು, ಮುಚ್ಚಳ ಒಂದು ಬೆರಳು ಸರಿಸಿ, 500ರಲ್ಲಿ 1 ಗಂಟೆ ನಿಲ್ಲಿಸಿ, ಆಮೇಲೆ ನಿಲ್ಲದೆ ಮೇಲಕ್ಕೆ ಹೋಗುವುದು ಮೇಲು. ಸುತ್ತಲಿನ ಕಾರ್ಬನ್ ಆಮ್ಲಜನಕ ನುಂಗುವುದರಿಂದ ಅಲ್ಲಿ 500 ಎಂದರೆ ತೆರೆದ ಗಾಳಿಯ 500 ಅಲ್ಲ. ಎತ್ತಿ ಇಳಿಸುವ ಕೆಲಸವೂ ಇಲ್ಲ.

ಒಪ್ಪ_ಹಾಕೋರು:

ಆಕ್ಸೈಡ್ ಆಗುವುದಿಲ್ಲ, ನಿಜ. ಆದರೆ ಗಾಳಿಯೇ ಇಲ್ಲದಿದ್ದರೆ ಬೈಂಡರ್ ಸುಡುವುದಿಲ್ಲ, ಇದ್ದಿಲಾಗಿ ಒಳಗೇ ಕೂರುತ್ತದೆ. ನಡುವೆ ಕಪ್ಪು ಉಳಿಯುವ ದೂರು ಹೆಚ್ಚಾಗಿ ಬರುವುದು ಒಂದೇ ಪುಟದವರಿಂದ. ಮೇಡಂ ಹತ್ತಿರ ಫರ್ನೇಸ್ ಇದೆ, ಕ್ಲೇ ಇದೆ. ಎರಡೂ ಥರ ಒಂದೊಂದು 4 ಮಿ.ಮೀ. ಬಿಲ್ಲೆ ಇಟ್ಟು ಮುರಿದು ನೋಡಲಿ.

ತಿದಿ_ಇಲ್ಲದವಳು:

ಎಲ್ಲರಿಗೂ ಧನ್ಯವಾದ. ಪ್ಯಾಕೆಟ್ ನೋಡಿದೆ, ಕೈಯಲ್ಲಿರುವುದು ಫಾಸ್ಟ್ ಕ್ಲೇ. 843ರ ಪಟ್ಟಿ ಬೇರೆ ಕ್ಲೇಯದು. ತಪ್ಪು ನನ್ನದೇ. ಡಬ್ಬಿ ಮಾಡಿಸಲು ಕೊಟ್ಟಿದ್ದೇನೆ, ಥರ್ಮೋಕಪಲ್ ಆರ್ಡರ್ ಮಾಡಿದೆ. ಉಂಗುರದ ಬಿರುಕಿಗೆ ಏನು ಮಾಡಲಿ? ಸೋಕ್ ನಡುವೆ ಕರೆಂಟ್ ಹೋದರೆ?

ಒಪ್ಪ_ಹಾಕೋರು:

ಉಂಗುರ ಕುಗ್ಗುತ್ತದೆ, ಒಳಗೆ ತುಂಬಿಕೊಂಡ ಕಾರ್ಬನ್ ಕಾಳು ಕುಗ್ಗುವುದಿಲ್ಲ. ಅದನ್ನೇ ಅಪ್ಪಿಕೊಂಡು ಉಂಗುರ ಬಾಯಿ ಬಿಡುತ್ತದೆ, ಹೆಚ್ಚಾಗಿ ಜೋಡಣೆಯ ಜಾಗದಲ್ಲಿ. ಸೆರಾಮಿಕ್ ಫೈಬರ್ ಪೇಪರನ್ನು ಸಡಿಲವಾಗಿ ಸುತ್ತಿ ಉಂಗುರದ ಒಳಗೆ ನಿಲ್ಲಿಸಿ. ಒತ್ತಿದರೆ ಒಳಕ್ಕೆ ಬಗ್ಗುವಷ್ಟು ಮೆತ್ತಗಿರಬೇಕು. ಫೈಬರ್ ಕತ್ತರಿಸುವಾಗ ಎನ್95 ಮಾಸ್ಕ್ ಹಾಕಿ. ಉಂಗುರ ಮಲಗಿಸಿ ಇಡಿ, ನಿಲ್ಲಿಸಿದರೆ ಮೇಲಿನ ಕಾರ್ಬನ್ ಭಾರಕ್ಕೆ ಮೊಟ್ಟೆಯಾಕಾರ ಆಗುತ್ತದೆ.

ಅಳತೆಗೆ ಮೊದಲು ನಿಮ್ಮ ಕ್ಲೇ ನಿಮ್ಮ ಫರ್ನೇಸಿನಲ್ಲಿ ಎಷ್ಟು ಕುಗ್ಗುತ್ತದೆ ಅಂತ 50 ಮಿ.ಮೀ. ಪಟ್ಟಿ ಸುಟ್ಟು ಅಳೆಯಿರಿ. ಬ್ರ್ಯಾಂಡಿಗೆ ತಕ್ಕಂತೆ ಶೇ 10ರಿಂದ 20ರವರೆಗೂ ಇರುತ್ತದೆ. ನಮ್ಮ ಅಂಗಡಿಗಳ ಉಂಗುರದ ನಂಬರಿಗೆ 40 ಸೇರಿಸಿದರೆ ಒಳಸುತ್ತು ಮಿ.ಮೀ.ನಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. 14 ನಂಬರ್ ಅಂದರೆ 54 ಮಿ.ಮೀ. ಶೇ 10 ಕುಗ್ಗುವ ಕ್ಲೇ ಆದರೆ 54ನ್ನು 0.9ರಿಂದ ಭಾಗಿಸಿ, 60 ಮಿ.ಮೀ. ಬಂತು. ಅಂದರೆ 20 ನಂಬರಿನ ಕೋಲಿನ ಮೇಲೆ ಕಟ್ಟಿ.

ಬಿರುಕು ಬಿಟ್ಟದ್ದನ್ನು ಎಸೆಯಬೇಡಿ. ಬಿರುಕನ್ನು ಸಣ್ಣ ಅರದಲ್ಲಿ 'ವಿ' ಆಕಾರಕ್ಕೆ ತೆರೆದು, ಹೊಸ ಕ್ಲೇ ಒತ್ತಿ, ಉಬ್ಬಿದಂತೆ ತುಂಬಿ, ಒಣಗಿಸಿ, ಎರಡೂ ಪುಟ ಮತ್ತೆ ಕೊಡಿ. ಹಸಿ ಉಳಿದದ್ದಕ್ಕೂ ಮರುಪುಟ ಕೊಡಬಹುದು. ಗುಳ್ಳೆ ಎದ್ದದ್ದಕ್ಕೆ ಮದ್ದಿಲ್ಲ, ಅರ ಹಾಕಿದರೆ ಒಳಗೆಲ್ಲ ತೂತು.

ಮೂಸೆ_ಮಾತು:

ಕರೆಂಟ್: ಬಾಗಿಲು ತೆರೆಯಬೇಡಿ, ಅಷ್ಟೆ. ಮುಚ್ಚಿದ ಡಬ್ಬಿಯಲ್ಲಿ ಕಾರ್ಬನ್ ಇರುವವರೆಗೂ ಒಡವೆಗೆ ಏನೂ ಆಗುವುದಿಲ್ಲ. ಪಿಐಡಿಯಲ್ಲಿ ಕರೆಂಟ್ ಬಂದಾಗ ಏನು ಮಾಡಬೇಕೆಂಬ ಸೆಟ್ಟಿಂಗ್ ಇರುತ್ತದೆ. ನಿಂತಲ್ಲಿಂದ ಮುಂದುವರಿಸು ಎಂದಿಡಿ. ಕೆಲವು ಕಂಟ್ರೋಲರ್ ಮೊದಲ ಹಂತಕ್ಕೆ ಹೋಗಿ ಮೂರು ಗಂಟೆ ಸೋಕನ್ನು ಹೊಸದಾಗಿ ಶುರು ಮಾಡುತ್ತವೆ. ಸೋಕ್ ಎಷ್ಟಾಯಿತು ಎಂಬುದಕ್ಕೆ ಕಂಟ್ರೋಲರ್ ಗಡಿಯಾರ ನಂಬಬೇಡಿ. ಡಬ್ಬಿಯೊಳಗಿನ ಮೀಟರ್ 800ರ ಮೇಲೆ ಇದ್ದ ನಿಮಿಷಗಳನ್ನು ಮಾತ್ರ ಕೂಡಿಸಿ.

ಪರೀಕ್ಷೆಗೆ ಒಡವೆ ಸುಡಬೇಡಿ. ಪ್ರತಿ ಪುಟಕ್ಕೂ ಎರಡು ತುಂಡು: 50×6×1.5 ಮಿ.ಮೀ. ಪಟ್ಟಿ ಬಗ್ಗಿಸಿ ನೋಡಲು, 50×10×4 ಮಿ.ಮೀ. ಬಿಲ್ಲೆ ಸಾಂದ್ರತೆಗೆ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಬಿಲ್ಲೆಯನ್ನು ತೂಗಿ ಬರೆದುಕೊಳ್ಳಿ. ತೂತುಗಳಿಗೆ ನೀರು ಇಳಿಯದಂತೆ ತೆಳ್ಳಗೆ ಲ್ಯಾಕರ್ ಸ್ಪ್ರೇ ಮಾಡಿ. ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಬಿಲ್ಲೆಯನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಬಿಲ್ಲೆಯ ಗಾತ್ರ ಅಷ್ಟೇ ಸಿಸಿ. ತೂಕವನ್ನು ಅದರಿಂದ ಭಾಗಿಸಿ. ಈ ಕಂಚು ಪೂರ್ತಿ ಗಟ್ಟಿಯಾಗಿದ್ದರೆ 8.77 ಬರಬೇಕು. ಕ್ಲೇಯಲ್ಲಿ ಅದು ಯಾರಿಗೂ ಬರುವುದಿಲ್ಲ, 7.6 ದಾಟಿದರೆ ಒಡವೆಗೆ ಧಾರಾಳ.

ಬಣ್ಣದ_ಡಬ್ಬಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರೆಡಿ ಕ್ಲೇ ದುಬಾರಿ. ಪೇಂಟ್ ಅಂಗಡಿಯಲ್ಲಿ ಸಿಗುವ ಬ್ರಾಂಜ್ ಪೌಡರ್ ತಂದು ಮೀಥೈಲ್ ಸೆಲ್ಯುಲೋಸ್ ಬೆರೆಸಿದರೆ ಆಗದೇ?

ತವರ_232:

ಆಗದು, ಅಪಾಯ ಕೂಡ. ಆ ಪುಡಿಯ ಹೆಸರು ಮಾತ್ರ ಬ್ರಾಂಜ್. ಇರುವುದು ತಾಮ್ರ ಮತ್ತು ಸತು, ಅಂದರೆ ಹಿತ್ತಾಳೆ. ಹೊಳಪಿಗಾಗಿ ಕಣಗಳನ್ನು ಹೊಪ್ಪಳೆಯಂತೆ ತಟ್ಟಿ, ಮೇಲೆ ಸ್ಟಿಯರಿಕ್ ಆ್ಯಸಿಡ್ ಲೇಪ ಕೊಟ್ಟಿರುತ್ತಾರೆ. ನೀರಿನಲ್ಲಿ ಕಲಸಲು ಬರುವುದಿಲ್ಲ, ಹೊಪ್ಪಳೆಗಳು ಒತ್ತಾಗಿ ಕೂರುವುದಿಲ್ಲ, ಪುಟದಲ್ಲಿ ಸತು ಆವಿಯಾಗಿ ಹೊರಬರುತ್ತದೆ. ಆ ಹೊಗೆ ಕುಡಿದರೆ ಚಳಿಜ್ವರ. ಬೇಕಾದರೆ 325 ಮೆಶ್ ಜರಡಿ ದಾಟುವ, ಗುಂಡುಕಣದ, ತಾಮ್ರ-ತವರದ ಅಟಮೈಸ್ಡ್ (ಕರಗಿದ ಲೋಹವನ್ನು ಸಿಂಪಡಿಸಿ ಮಾಡಿದ) ಪುಡಿ ಎಂದು ಸ್ಪಷ್ಟವಾಗಿ ಬರೆದು, ಮಿಶ್ರಣದ ಸರ್ಟಿಫಿಕೇಟ್ ಸಮೇತ ತರಿಸಿ.

ಕಂಚಿನ ಪಾತ್ರೆ ಅರೆದ ಪುಡಿಯೂ ಬೇಡ. ಗಂಟೆ, ತಾಳದ ಕಂಚಿನಲ್ಲಿ ತವರ 20-22 ಭಾಗ ಇರುತ್ತದೆ. ಅದು 798ಕ್ಕೇ ಕರಗಲು ಶುರು.

ತಿದಿ_ಇಲ್ಲದವಳು:

ಫಲಿತಾಂಶ ತಂದಿದ್ದೇನೆ. ಹೊಸ ಡಬ್ಬಿ, ಇಟ್ಟಿಗೆ ಅಡ್ಡ ಇಟ್ಟು, ಡಬ್ಬಿಯೊಳಗೆ ಥರ್ಮೋಕಪಲ್. ಡಿಸ್‌ಪ್ಲೇ 840 ತೋರಿಸುವಾಗ ಒಳಗೆ ನಡುವೆ 815ಕ್ಕೆ ನಿಲ್ಲುತ್ತದೆ, ಹಿಂದಿನ ತುದಿ 824, ಮುಂದಿನದು 806. ಒಳಗೆ 800 ಮುಟ್ಟಲು ಡಿಸ್‌ಪ್ಲೇಗಿಂತ 50 ನಿಮಿಷ ತಡ.

ಎಲ್ಲಕ್ಕೂ ಮೊದಲ ಪುಟ 350ರಲ್ಲಿ 90 ನಿಮಿಷ, ಕಾರ್ಬನ್ ಹಾಸಿನ ಮೇಲೆ. ಕೆಳಗಿನ ಶಾಖ ಎಲ್ಲವೂ ಡಬ್ಬಿ ನಡುವಿನದು, ಹೊತ್ತು ಅಲ್ಲಿ ಆ ಶಾಖ ಮುಟ್ಟಿದ ಮೇಲಿನದು.

785ರಲ್ಲಿ 2 ಗಂಟೆ: 10.98 ಗ್ರಾಂ, 1.57 ಸಿಸಿ, ಸಾಂದ್ರತೆ 6.99. ಪಟ್ಟಿ 20 ಡಿಗ್ರಿ ಬಗ್ಗುವಷ್ಟರಲ್ಲಿ ಪಟ್ ಅಂತ ಮುರಿಯಿತು.

815ರಲ್ಲಿ 2 ಗಂಟೆ: 11.04 ಗ್ರಾಂ, 1.44 ಸಿಸಿ, 7.67. 90 ಡಿಗ್ರಿ ಬಗ್ಗಿತು, ಹೊರಬಾಗಿನಲ್ಲಿ ಕೂದಲೆಳೆ ಬಿರುಕುಗಳು.

815ರಲ್ಲಿ 3 ಗಂಟೆ: 11.01 ಗ್ರಾಂ, 1.41 ಸಿಸಿ, 7.81. 90 ಡಿಗ್ರಿಗೂ ಬಿರುಕಿಲ್ಲ.

835ರಲ್ಲಿ 2 ಗಂಟೆ: 11.06 ಗ್ರಾಂ, 1.43 ಸಿಸಿ, 7.73. ಬಿಲ್ಲೆಯ ಹಿಂದಿನ ಮೂಲೆಯಲ್ಲಿ ಸಾಸಿವೆಯಷ್ಟು ಎರಡು ಗುಳ್ಳೆ.

815ರ 3 ಗಂಟೆಯನ್ನೇ @ತವರ_232 ಹೇಳಿದಂತೆ, 500ರಲ್ಲಿ ಹೂತು ಒಂದೇ ಓಟದಲ್ಲಿ ಮಾಡಿದ ಬಿಲ್ಲೆಯನ್ನೂ ಮುರಿದೆ. ನಡುವೆ ಪೆನ್ಸಿಲ್ ಗೆರೆಯಷ್ಟು ಬೂದು. ಕಾರ್ಬನ್ ಹಾಸಿನ ಮೇಲೆ 350 ಕೊಟ್ಟದ್ದರಲ್ಲಿ ಆ ಗೆರೆ ಇಲ್ಲ. ಫೈಬರ್ ಪೇಪರ್ ಹಾಕಿದ ಎರಡು ಉಂಗುರಗಳೂ ಬಿರುಕಿಲ್ಲದೆ ಬಂದಿವೆ, ಅಳತೆ ಮಾತ್ರ ಅರ್ಧ ನಂಬರ್ ಹೆಚ್ಚು.

ಒಪ್ಪ_ಹಾಕೋರು:

ನಾನು ಏನೂ ಹೇಳುವುದಿಲ್ಲ 🙂

ತವರ_232:

ಒಪ್ಪಿದೆ, ಕನಿಷ್ಠ ಈ ಕ್ಲೇಗೆ.

835ರದ್ದನ್ನು ಗಮನಿಸಿ. ಶಾಖ ಹೆಚ್ಚಾದರೂ 815ರ 3 ಗಂಟೆಯಷ್ಟು ಗಟ್ಟಿಯಾಗಿಲ್ಲ. ದ್ರವ ಹುಟ್ಟಿದ ಮೇಲೆ ಒಳಗೆ ಸಿಕ್ಕಿಬಿದ್ದ ಗ್ಯಾಸ್ ಅದನ್ನು ಊದುತ್ತದೆ, ಕುಗ್ಗುವ ಕೆಲಸ ಒಂದು ಕಡೆ, ಊದುವ ಕೆಲಸ ಇನ್ನೊಂದು ಕಡೆ. ಆದ್ದರಿಂದ ಶಾಖ ಮುಟ್ಟಬೇಡಿ, ಹೊತ್ತು ಹೆಚ್ಚಿಸಿ. ದಪ್ಪ ವಸ್ತುಗಳನ್ನು ಡಬ್ಬಿಯ ನಡುವೆ, ತೆಳು ಓಲೆಗಳನ್ನು ಮುಂದಿನ 806ರ ಕಡೆ ಇಡಿ. ಹಿಂದಿನ ಎರಡು ಸೆಂ.ಮೀ. ಖಾಲಿ ಕಾರ್ಬನ್ ಇರಲಿ.

ತಿದಿ_ಇಲ್ಲದವಳು:

ಹಾಗೇ ಮಾಡುತ್ತೇನೆ. ಕೊನೆಯ ಪ್ರಶ್ನೆ. ಹೊರಗೆ ತೆಗೆದಾಗ ಮೇಲೆ ನೀಲಿ-ನೇರಳೆ ಬಣ್ಣ ಬಂದಿದೆ, ಚೆನ್ನಾಗಿದೆ, ಉಳಿಸಿಕೊಳ್ಳಬಹುದಾ?

ಒಪ್ಪ_ಹಾಕೋರು:

ಕೆಲವು ದಿನ ಇರುತ್ತದೆ. ಬೆವರು ತಾಗಿದರೆ ಹೋಗುತ್ತದೆ. ಓಲೆ, ಪೆಂಡೆಂಟ್ ಆದರೆ ಲ್ಯಾಕರ್ ಎರಡು ಕೋಟ್ ಹೊಡೆಯಿರಿ. ಉಂಗುರಕ್ಕೆ ಆಸೆ ಬಿಡಿ. ನಿಂಬೆ ಉಪ್ಪು 100 ಗ್ರಾಂ, ಬಿಸಿನೀರು 1 ಲೀಟರ್, 20 ನಿಮಿಷ ಅದ್ದಿ, ಹಿತ್ತಾಳೆ ಬ್ರಶ್ಶಿನಲ್ಲಿ ಸೋಪು ಹಾಕಿ ಉಜ್ಜಿ, ಸ್ಟೀಲ್ ಶಾಟ್ (ಸಣ್ಣ ಉಕ್ಕಿನ ಗುಂಡು) ಇರುವ ಟಂಬ್ಲರಿನಲ್ಲಿ (ತಿರುಗುವ ಪಾಲಿಶ್ ಡ್ರಮ್ಮಿನಲ್ಲಿ) 2 ಗಂಟೆ ಬಿಟ್ಟು ಒಪ್ಪ ಹಾಕಿ. ಆಮ್ಲದಿಂದ ತೆಗೆದ ಮೇಲೆ ಸೋಡಾಪುಡಿ ನೀರಿನಲ್ಲಿ ಕುದಿಸುವುದು ಮರೆಯಬೇಡಿ. ತೂತುಗಳಲ್ಲಿ ಉಳಿದ ಆಮ್ಲ ವಾರದ ನಂತರ ಹಸಿರು ಚುಕ್ಕೆಯಾಗಿ ಹೊರಬರುತ್ತದೆ.

ಕರಟದ_ಕೆಂಡ:

835ರಲ್ಲಿ ಗುಳ್ಳೆ ಎದ್ದ ಪುಟದ ಕಾರ್ಬನ್ ಹಾಗೇ ಮತ್ತೆ ಬಳಸಬೇಡಿ ಮೇಡಂ. ಬೆಳಕಿನಲ್ಲಿ ತಟ್ಟೆಗೆ ಸುರಿದು ನೋಡಿ, ಬಿಲ್ಲೆ ಇದ್ದ ಕಡೆಯ ಕಾಳುಗಳಿಗೆ ಗಸಗಸೆಯಷ್ಟು ಕಂಚಿನ ಮಣಿ ಅಂಟಿರಬಹುದು. ಆಯ್ದು ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಓಲೆಯ ಮೇಲೆ ಹೋಗಿ ಕೂರುತ್ತವೆ.